ಮಲೆನಾಡಿನ ಶಾಲೆಗಳಲ್ಲಿ ಕಂಪೋಸ್ಟು: ಗುಂಡಿಯೋ, ಗುಡ್ಡೆಯೋ?

ಪಾಠಶಾಲೆಯ ಅಂಗಳದಲ್ಲಿ ಬೀಳುವ ದರಗು, ಅಡಿಗೆಮನೆಯ ಸಿಪ್ಪೆ, ಕೈತೋಟದ ಕಳೆ ಇವುಗಳನ್ನು ಸುಡದೆ ಗೊಬ್ಬರ ಮಾಡಬೇಕೆಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸ ಸೀಮೆಗಳಲ್ಲಿ ಉತ್ಸಾಹದಿಂದ ಗುಂಡಿ ತೋಡಿದ ಶಾಲೆಗಳೂ ಉಂಟು. ಆದರೆ ಬೇಸಿಗೆಯಲ್ಲಿ ತೋಡಿದ ಗುಂಡಿಯು ಆರಿದ್ರಾ ಮಳೆ ಹಿಡಿದೊಡನೆ ನೀರು ತುಂಬಿ ಕೊಳೆಯಲಾರಂಭಿಸುತ್ತದೆ. ಇದನ್ನು ಇತರರ ಮೇಲಿನ ದೂರಾಗಿ ಬರೆಯುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಶಾಲೆಯಲ್ಲಿ ಮೂರು ಅಡಿ ಆಳದ ಗುಂಡಿಯನ್ನು ನಾನೇ ನಿಂತು ತೋಡಿಸಿದೆನು. ಜುಲೈ ತಿಂಗಳಲ್ಲಿ ಹೋಗಿ ನೋಡಲಾಗಿ ಅದರಲ್ಲಿದ್ದುದು ಕಪ್ಪು ನೀರು, ದುರ್ವಾಸನೆ ಮತ್ತು ನೊಣ. ಶಾಲೆಯ ಬಾವಿಯು ಅದೇ ಇಳಿಜಾರಿನ ಕೆಳಗಡೆ ಇತ್ತು. ಮುಖ್ಯೋಪಾಧ್ಯಾಯರು ಗುಂಡಿಯನ್ನು ಮುಚ್ಚಿಸಿದರು. ಅವರು ಮಾಡಿದ್ದು ಸರಿ. ಮುಂದಿನ ಬೇಸಿಗೆಯಲ್ಲಿ ಮಕ್ಕಳು ಎಂದಿನಂತೆ ಎಲೆಯನ್ನು ಗುಡಿಸಿ ಬೆಂಕಿಯಿಟ್ಟರು.

ಈ ತಪ್ಪಿನ ಮೂಲವನ್ನು ವಿಚಾರಿಸಬೇಕು. ನಮ್ಮಲ್ಲಿ ಪ್ರಚಾರದಲ್ಲಿರುವ ಕ್ರಮಗಳು ಎರಡು. ಒಂದು, 1924 ರಿಂದ 1931ರ ವರೆಗೆ ಇಂದೂರಿನಲ್ಲಿದ್ದ ಆಲ್ಬರ್ಟ್ ಹೋವರ್ಡರು ರೂಪಿಸಿದ ಇಂದೂರು ಕ್ರಮ; ಇದರಲ್ಲಿ ಕಸವನ್ನು ಆಗಾಗ್ಗೆ ಮಗುಚಿ ಗಾಳಿಯಾಡಿಸಿ ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಪಡೆಯುವರು. ಎರಡನೆಯದು, 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಡಾಕ್ಟರ್ ಸಿ. ಎನ್. ಆಚಾರ್ಯರು ರೂಪಿಸಿದ ಬೆಂಗಳೂರು ಕ್ರಮ. ಇದರಲ್ಲಿ ಕಸವನ್ನು ಗುಂಡಿಯಲ್ಲಿ ಪದರ ಪದರವಾಗಿ ತುಂಬಿ ಮೇಲೆ ಮಣ್ಣು ಮೆತ್ತಿ ಬಿಡುವರು. ಮಗುಚುವ ಕೆಲಸವಿಲ್ಲ, ಆದರೆ ಕಾಲ ಹೆಚ್ಚು ಬೇಕು. ಎರಡೂ ಉತ್ತಮವಾದುವೇ. ಆದರೆ ಇಂದೂರು, ಬೆಂಗಳೂರುಗಳಲ್ಲಿ ವರ್ಷಕ್ಕೆ ಬೀಳುವ ಮಳೆ ನಲವತ್ತು ಅಂಗುಲದ ಆಸುಪಾಸು. ಮೂಡಿಗೆರೆಯಲ್ಲಿ ಅದರ ಎರಡರಷ್ಟಕ್ಕೂ ಮಿಕ್ಕು ಬೀಳುತ್ತದೆ. ಕಳಸ, ಕುದುರೆಮುಖದ ಕಡೆಗೆ ಇನ್ನೂ ಹೆಚ್ಚು. ಹೋವರ್ಡರು ಕೂಡ ಮಳೆಗಾಲದಲ್ಲಿ ಗುಂಡಿಯನ್ನು ಬಿಟ್ಟು ನೆಲದ ಮೇಲೆ ಗುಡ್ಡೆ ಹಾಕತಕ್ಕದ್ದೆಂದು ತಿಳಿಸಿದ್ದರು. ನಾವು ಗುಂಡಿಯನ್ನು ಮಾತ್ರ ತಂದುಕೊಂಡು ಆ ಮಾತನ್ನು ಮರೆತೆವು.

ಆದುದರಿಂದ ಮಲೆನಾಡಿನ ಶಾಲೆಗೆ ಬೇಕಾದದ್ದು ಸೂರಿನ ಕೆಳಗೆ, ನೆಲದ ಮೇಲೆ ಹಾಕಿದ ಗುಡ್ಡೆ. ಬಾವಿಗಿಂತ ತಗ್ಗಿನಲ್ಲಿ, ಅದರಿಂದ ಐವತ್ತು ಅಡಿಗೆ ಕಡಿಮೆಯಿಲ್ಲದ ದೂರದಲ್ಲಿ, ಗಟ್ಟಿ ನೆಲವನ್ನು ಆರಿಸಿ ಸುತ್ತಲೂ ಒಂದು ಕಾಲುವೆ ತೋಡಬೇಕು. ಕಡಿದ ಧರೆಯ ಅಂಚಿನಲ್ಲಿ, ಇಳಿಜಾರಿನ ತಲೆಯಲ್ಲಿ ನೀರು ನಿಲ್ಲುವ ಹಾಗೆ ಏನನ್ನೂ ತೋಡಬಾರದು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾಲ್ಕು ಅಡಕೆ ಮರದ ಕಂಬ, ಮೇಲೆ ಹಳೆಯ ತಗಡು, ಇಷ್ಟು ಸಾಕು. ಗುಡ್ಡೆಯು ಉದ್ದ, ಅಗಲ, ಎತ್ತರ ಮೂರರಲ್ಲಿಯೂ ಮೂರೂವರೆ ಅಡಿಗೆ ಕಡಿಮೆಯಾಗಿರಬಾರದು. ಕಡಿಮೆಯಾದರೆ ಒಳಗೆ ಕಾವು ಏರುವುದಿಲ್ಲ.

ಇಲ್ಲಿ ಒಂದು ತೊಡಕಿದೆ. ಬಿಸಿಯೂಟದ ನಿಯಮದಂತೆ ಕಿರಿಯ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ ಎಂದು ಹಿಡಿದರೆ, ಅರವತ್ತು ಮಕ್ಕಳ ಶಾಲೆಯಲ್ಲಿ ಮೂರು ಕಿಲೋ ತರಕಾರಿ ಹೆಚ್ಚುತ್ತಾರೆ. ಅದರ ಸಿಪ್ಪೆ, ತೊಟ್ಟು, ಬಾಳೆಹಣ್ಣಿನ ಸಿಪ್ಪೆ ಎಲ್ಲ ಕೂಡಿ ಒಂದು ಸಣ್ಣ ಬುಟ್ಟಿ. ಅದೊಂದರಿಂದ ಗುಡ್ಡೆ ಎಂದಿಗೂ ಆಗದು. ಗುಡ್ಡೆಯ ಮುಕ್ಕಾಲು ಪಾಲು ದರಗು ಮತ್ತು ಸಗಣಿ. ಇವು ಊರಿನಿಂದಲೇ ಬರಬೇಕು. ಶಾಲೆಯ ಕಂಪೋಸ್ಟು ಮಕ್ಕಳ ಕೆಲಸವೆಂಬ ಭಾವನೆಯು ಇಲ್ಲಿಯೇ ಮುರಿದು ಬೀಳುತ್ತದೆ.

ಜನವರಿಯಿಂದ ಮಾರ್ಚಿಯವರೆಗೆ ಎಲೆ ಉದುರುವ ಕಾಲ. ಆಗ ಒಣ ದರಗನ್ನು ಶೇಖರಿಸಿ ಸೂರಿನ ಕೆಳಗೆ ಇಡದಿದ್ದರೆ ಮಳೆಗಾಲದಲ್ಲಿ ಒದ್ದೆ ಸಿಪ್ಪೆಗೆ ಬೆರೆಸಲು ಏನೂ ಸಿಕ್ಕುವುದಿಲ್ಲ. ಕಾಫಿ ಗಿಡಗಳ ಬುಡದ ದರಗನ್ನು ಮಾತ್ರ ಬಾಚತಕ್ಕದ್ದಲ್ಲ. ಅದು ತೋಟದ ಹೊದಿಕೆ. ರಸ್ತೆಯ ಬದಿಯದು, ಶಾಲೆಯ ಅಂಗಳದ್ದು, ಮರಗಸಿ ಮಾಡಿದಾಗ ಮಿಕ್ಕ ಹಾಲುವಾಣದ ಸೊಪ್ಪು ಸಾಕು. ಸಿಲ್ವರ್ ಮರದ ಎಲೆ ಕರಗುವುದು ನಿಧಾನ; ಅದನ್ನು ಕಡಿಮೆ ಹಾಕಬೇಕು. ಕಾಫಿಯ ಹಸಿ ಸಿಪ್ಪೆಯನ್ನು ಪುಕ್ಕಟೆಯಾಗಿ ಕೊಡುವ ಜಮೀನ್ದಾರರು ಅನೇಕರಿದ್ದಾರೆ. ಹಣ್ಣಿನ ತೂಕದಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲು ಸಿಪ್ಪೆಯೇ, ಹಳ್ಳಕ್ಕೆ ಬಿಡುವುದಕ್ಕಿಂತ ಶಾಲೆಗೆ ಕೊಡುವುದು ಲೇಸು. ಆದರೆ ಅದರಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕು ನೀರಿರುವುದರಿಂದಲೂ, ಹುಳಿಯ ಗುಣವಿರುವುದರಿಂದಲೂ ಕೆಲವು ದಿನ ಒಣಗಿಸಿ, ದರಗು ಸಗಣಿಗಳೊಡನೆ ಕೊಂಚ ಕೊಂಚವಾಗಿ ಸೇರಿಸತಕ್ಕದ್ದು.

ಬೆರಕೆಯ ಅಳತೆ ಹೀಗೆ. ಒಂದು ಬುಟ್ಟಿ ಸಿಪ್ಪೆಗೆ ಎರಡು ಮೂರು ಬುಟ್ಟಿ ಒಣ ದರಗು, ಅದರ ಮೇಲೆ ಸಗಣಿಯ ಬಗ್ಗಡ, ಒಂದು ಹಿಡಿ ಹಳೆಯ ಗೊಬ್ಬರದ ಮಣ್ಣು. ಕಸವನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಒಂದು ಭಾಗಕ್ಕೆ ಇಂಗಾಲ ಇಪ್ಪತ್ತೈದರಿಂದ ಮೂವತ್ತು ಭಾಗ ಬೇಕು. ದರಗು ಕಡಿಮೆಯಾದರೆ ನಾತ ಬರುವುದು ಇದರಿಂದಲೇ. ಒಂದು ಹಿಡಿ ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ನಾಲ್ಕೈದು ದಿನಗಳ ಮೇಲೆ ಒಂದು ಕಬ್ಬಿಣದ ಸಲಾಕೆಯನ್ನು ಒಳಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದರೆ ಹಿಡಿಯಲಾಗದಷ್ಟು ಬಿಸಿಯಿರಬೇಕು. ಈ ಪರೀಕ್ಷೆಯನ್ನು ಮಕ್ಕಳಿಂದ ಮಾಡಿಸಿದರೆ ಅವರು ಅದನ್ನು ಮರೆಯುವುದಿಲ್ಲ. ಹದಿನೈದನೆಯ ದಿನ, ತಿಂಗಳಿಗೆ, ಎರಡು ತಿಂಗಳಿಗೆ ಹೀಗೆ ಮೂರು ಸಲ ಮಗುಚಬೇಕು. ಮೊಟ್ಟೆಯ ಚಿಪ್ಪನ್ನು ಪುಡಿಮಾಡಿ ಸೇರಿಸಬಹುದು. ಅದು ಸುಣ್ಣವೇ, ನಮ್ಮ ಹುಳಿ ಮಣ್ಣಿಗೆ ಒಳ್ಳೆಯದು. ಮಿಠಾಯಿ ಕಾಗದ, ಪ್ಲಾಸ್ಟಿಕ್ ಚೀಲಗಳನ್ನು ಬೇರೆ ಇಟ್ಟು ಪಂಚಾಯಿತಿಯ ಕಸದ ಗಾಡಿಗೆ ಕೊಡತಕ್ಕದ್ದು.

ಬೇಯಿಸಿದ ಅನ್ನವನ್ನು ಮಾತ್ರ ಗುಡ್ಡೆಗೆ ಹಾಕಲೇಬಾರದು. ಇಲಿ, ನಾಯಿ, ಹಂದಿ ಬರುತ್ತವೆ. ಅನ್ನ ಮಿಗುವುದೇಕೆಂದು ಮೊದಲು ನೋಡಬೇಕು. ಮೊದಲ ಸಲ ಅರ್ಧ ಬಡಿಸಿ, ಕೇಳಿದವರಿಗೆ ಪುನಃ ಬಡಿಸಿದರೆ ತಟ್ಟೆಯಲ್ಲಿ ಬಿಡುವುದು ಕಡಿಮೆಯಾಗುತ್ತದೆ. ಪಾತ್ರೆಯಲ್ಲಿ ಮಿಕ್ಕದ್ದು ಅಂದಂದೇ ಯಾರಾದರೊಬ್ಬರ ಮನೆಯ ಕಲಗಚ್ಚಿಗೆ ಸೇರಲಿ.

ಇನ್ನು ಕೆಲಸದ ಹೊಣೆ. 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಈ ಸಮಿತಿಯವರು, ಮಹಿಳಾ ಸಂಘದವರು, ಅದೇ ಶಾಲೆಯಲ್ಲಿ ಓದಿದ ಊರಿನ ತರುಣರು ಸೇರಿ ನಾಲ್ಕೈದು ಮಂದಿ ಸ್ವಯಂಸೇವಕರು ಸಿಕ್ಕಿದರೆ ಸಾಕು. ಮಗುಚುವ ಕೆಲಸ ಇವರದು, ಸಣ್ಣ ಮಕ್ಕಳದಲ್ಲ. ಮಲೆನಾಡಿನಲ್ಲಿ ಕಾಳಿಂಗ ಸರ್ಪವು ಬೇಸಿಗೆಯ ಕೊನೆಯಲ್ಲಿ ದರಗನ್ನೇ ಗೂಡು ಮಾಡಿ ಮೊಟ್ಟೆಯಿಡುತ್ತದೆ. ಬೇರೆ ಹಾವುಗಳಿಗೂ ಗುಡ್ಡೆಯ ಬಿಸುಪು ಇಷ್ಟ. ಉದ್ದನೆಯ ಗಳುವಿನಿಂದ ಕೆದಕಿ ನೋಡದೆ ಯಾರೂ ಕೈಹಾಕತಕ್ಕದ್ದಲ್ಲ.

ಬಹು ಶಾಲೆಗಳಲ್ಲಿ ಕೆಲಸ ನಿಲ್ಲುವುದು ಏಪ್ರಿಲ್ ಮೇ ತಿಂಗಳ ರಜೆಯಲ್ಲಿ. ಉಪಾಧ್ಯಾಯರು ಊರಿಗೆ ಹೋಗುವರು, ಮಕ್ಕಳು ಅಜ್ಜಿಯ ಮನೆಗೆ ಹೋಗುವರು, ಗುಡ್ಡೆ ಒಣಗಿ ಹೋಗುವುದು. ರಜೆಗೆ ಮುಂಚಿನ ಸಮಿತಿಯ ಸಭೆಯಲ್ಲಿಯೇ, ವಾರಕ್ಕೊಮ್ಮೆ ನೀರು ಚಿಮುಕಿಸುವವರು ಯಾರು, ಗೇಟಿನ ಬೀಗದ ಕೈ ಯಾರ ಮನೆಯಲ್ಲಿರುವುದು, ಮೇ ಕೊನೆಯಲ್ಲಿ ಮಗುಚಲು ಆಳು ಕಳುಹಿಸುವ ಜಮೀನ್ದಾರರು ಯಾರು ಎಂಬ ಮೂರನ್ನೂ ಹೆಸರು ಸಹಿತ ಪುಸ್ತಕದಲ್ಲಿ ಬರೆಸತಕ್ಕದ್ದು. ಫೆಬ್ರವರಿಯಲ್ಲಿ ಹಾಕಿದ ಗುಡ್ಡೆಯು ಹೀಗೆ ಕಾಪಾಡಲ್ಪಟ್ಟರೆ ಶಾಲೆ ತೆರೆಯುವ ಹೊತ್ತಿಗೆ ಕಪ್ಪಾಗಿ, ಹುಡಿಯಾಗಿ, ಕಾಡುಮಣ್ಣಿನ ವಾಸನೆ ಬರುವಂತಾಗಿರುವುದು. ಅದನ್ನು ಮೃಗಶಿರಾ ಮಳೆಗೆ ಮುಂಚೆ ಕೈತೋಟದ ಬಸಳೆ, ಬದನೆ ಪಾತಿಗಳಿಗೆ ಗಿಡಕ್ಕೆ ಎರಡು ಬೊಗಸೆಯಂತೆ ಹಾಕಿ ಮಣ್ಣು ಮುಚ್ಚಬೇಕು.