ದಿನಾಂಕದ ಪುಸ್ತಕ ಎಲ್ಲರಿಗೂ ಒಂದೇ



ಸಂಘದ ವಾರದ ಸಭೆ, ಸಾಲದ ಕಂತು, ಮಗುವಿನ ಚುಚ್ಚುಮದ್ದು - ಇವೆಲ್ಲ ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ನಿನಿಂದ ಸುತ್ತು ಹಾಕಿ ಇಡುತ್ತಿದ್ದೆವು. ಈಗ ಹಲವರು ಮೊಬೈಲಿನಲ್ಲಿ ಬರೆದಿಡುತ್ತಾರೆ. ಆದರೆ ನಿಮ್ಮ ಫೋನ್ ಒಂದು ಕಂಪನಿಯದ್ದು, ಕಾರ್ಯದರ್ಶಿಯ ಫೋನ್ ಇನ್ನೊಂದು ಕಂಪನಿಯದ್ದು. ಅವರು ಕಳಿಸಿದ ಸಭೆಯ ದಿನಾಂಕ ನಿಮ್ಮ ಫೋನಿಗೆ ಅರ್ಥವಾಗುವುದು ಹೇಗೆ? ಇದರ ಹಿಂದೆ ಒಂದು ಒಪ್ಪಂದವಿದೆ. ಅದನ್ನೇ ಈ ಪಾಠದಲ್ಲಿ ತಿಳಿಯೋಣ.

ತೊಂದರೆ ಏನಿತ್ತು?

08/03/2026 ಎಂದು ಬರೆದರೆ ನಾವು ಮಾರ್ಚ್ 8 ಎಂದು ಓದುತ್ತೇವೆ. ಅಮೆರಿಕದವರು ಆಗಸ್ಟ್ 3 ಎಂದು ಓದುತ್ತಾರೆ. ಮನುಷ್ಯರಿಗೇ ಇಷ್ಟು ಗೊಂದಲವಾದರೆ ಯಂತ್ರಕ್ಕೆ ಕೇಳಬೇಕೇ? ಒಂದೊಂದು ಕಂಪನಿ ತನಗೆ ತೋಚಿದ ಹಾಗೆ ದಿನಾಂಕ ಬರೆದಿಡುತ್ತಿತ್ತು. ಒಬ್ಬರದ್ದು ಇನ್ನೊಬ್ಬರಿಗೆ ಓದಲು ಬರುತ್ತಿರಲಿಲ್ಲ.

ನಮ್ಮ ಸಂಘಗಳನ್ನೇ ನೋಡಿ. ಹತ್ತು ಸಂಘಗಳು ಹತ್ತು ರೀತಿ ಲೆಕ್ಕ ಬರೆದರೆ ಒಕ್ಕೂಟದಲ್ಲಿ ಒಟ್ಟು ಲೆಕ್ಕ ಹಾಕೋದು ಹೇಗೆ? ಎಲ್ಲರೂ ಉಳಿತಾಯಕ್ಕೆ ಒಂದು ಕಾಲಂ, ಸಾಲಕ್ಕೆ ಒಂದು ಕಾಲಂ, ಬಡ್ಡಿಗೆ ಒಂದು ಕಾಲಂ ಎಂದು ಒಪ್ಪಿಕೊಂಡರೆ ಯಾರ ಪುಸ್ತಕವನ್ನು ಯಾರು ಬೇಕಾದರೂ ಓದಬಹುದು. ಕಂಪ್ಯೂಟರ್ ಲೋಕದಲ್ಲಿ ಇಂಥ ಒಪ್ಪಿಗೆಯನ್ನು 'ಮುಕ್ತ ಮಾನದಂಡ' ಎನ್ನುತ್ತಾರೆ. ಮುಕ್ತ ಎಂದರೆ ಆ ನಿಯಮವನ್ನು ಯಾರು ಬೇಕಾದರೂ ದುಡ್ಡು ಕೊಡದೆ ಓದಿ ಬಳಸಬಹುದು.

ಒಪ್ಪಂದ ಆದದ್ದು ಹೇಗೆ?

1996ರಲ್ಲಿ ಆಪಲ್, ಐಬಿಎಂ ಮುಂತಾದ ಕಂಪನಿಗಳು ಸೇರಿ 'ವಿ-ಕ್ಯಾಲೆಂಡರ್' ಎಂಬ ಮೊದಲ ರೂಪ ಮಾಡಿದವು. 1998ರಲ್ಲಿ ಇಂಟರ್‌ನೆಟ್ಟಿನ ನಿಯಮಗಳನ್ನು ರೂಪಿಸುವ 'ಐಇಟಿಎಫ್' ಸಂಸ್ಥೆ 'ಐ-ಕ್ಯಾಲೆಂಡರ್' ಎಂಬ ಮಾನದಂಡವನ್ನು ಹೊರತಂದಿತು. ಬರೆದ ಇಬ್ಬರಲ್ಲಿ ಒಬ್ಬರು ಲೋಟಸ್ ಕಂಪನಿಯವರು, ಇನ್ನೊಬ್ಬರು ಮೈಕ್ರೋಸಾಫ್ಟ್‌ನವರು. ಅಂದರೆ ಸಂತೆಯಲ್ಲಿ ಎದುರುಬದುರು ಅಂಗಡಿ ಇಟ್ಟವರು, ತೂಕದ ಕಲ್ಲು ಮಾತ್ರ ಒಂದೇ ಇರಲಿ ಎಂದು ಒಪ್ಪಿದ ಹಾಗೆ. 2009ರಲ್ಲಿ ಇದನ್ನು ತಿದ್ದಿ ಸ್ಪಷ್ಟಗೊಳಿಸಿದರು.

ನಿಯಮ ಕಾಗದದಲ್ಲಿದ್ದರೆ ಸಾಲದು, ನಡೆಯಲೂ ಬೇಕಲ್ಲ? ಅದಕ್ಕಾಗಿ 2004ರಲ್ಲಿ 'ಕ್ಯಾಲ್‌ಕನೆಕ್ಟ್' ಎಂಬ ಕೂಟ ಹುಟ್ಟಿತು. ಕಂಪನಿಗಳು, ವಿಶ್ವವಿದ್ಯಾಲಯಗಳು ಇದರ ಸದಸ್ಯರು. ತಮ್ಮ ತಮ್ಮ ಪ್ರೋಗ್ರಾಂ ತಂದು ಒಟ್ಟಿಗೆ ಕೂತು, ನಿನ್ನದು ನನಗೆ ಓದಲು ಬರುತ್ತದೆಯೋ ಎಂದು ಪರೀಕ್ಷಿಸುತ್ತಾರೆ. 2007ರಲ್ಲಿ 'ಕ್ಯಾಲ್‌ಡಾವ್' ಎಂಬ ಇನ್ನೊಂದು ನಿಯಮ ಬಂತು. ಇದರಿಂದ ಒಂದೇ ಕ್ಯಾಲೆಂಡರನ್ನು ಹಲವರು ದೂರದಿಂದಲೇ ನೋಡಿ, ಬರೆದು, ತಿದ್ದಲು ದಾರಿಯಾಯಿತು.

ಅದರೊಳಗೆ ಏನಿರುತ್ತದೆ?

1. ದಿನಾಂಕ: ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. ಮಾರ್ಚ್ 8 ಎಂದರೆ 20260308. ಗೊಂದಲವೇ ಇಲ್ಲ.

2. ಗುರುತಿನ ಸಂಖ್ಯೆ: ಪ್ರತಿ ಕಾರ್ಯಕ್ರಮಕ್ಕೂ ಒಂದು ಬೇರೆ ಗುರುತು. ಸಭೆಯನ್ನು ಭಾನುವಾರದಿಂದ ಸೋಮವಾರಕ್ಕೆ ಹಾಕಿದರೆ, ಅದು ಹೊಸ ಸಭೆಯಲ್ಲ, ಹಳೆಯದೇ ಬದಲಾಗಿದೆ ಎಂದು ಫೋನಿಗೆ ತಿಳಿಯುವುದು ಇದರಿಂದಲೇ.

3. ಸಮಯ ವಲಯ: ನಮ್ಮ ಸಂಜೆ 7 ಗಂಟೆ ಎಂದರೆ ಕುವೈತಿನಲ್ಲಿ ಸಂಜೆ 4.30. ಅಲ್ಲಿರುವ ಮಗಳ ಫೋನ್ ಅಲ್ಲಿನ ಸಮಯವನ್ನೇ ತೋರಿಸುತ್ತದೆ.

4. ಮರುಕಳಿಸುವ ನಿಯಮ: 'ಪ್ರತಿ ಭಾನುವಾರ', 'ಪ್ರತಿ ತಿಂಗಳು 5ನೇ ತಾರೀಕು' ಎಂದು ಒಮ್ಮೆ ಬರೆದರೆ ಸಾಕು.

ಒಂದು ಗಂಟೆಯ ಪಾಠ

ಅಮೆರಿಕದಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ಇದೆ. 2005ರಲ್ಲಿ ಆದ ಕಾನೂನಿನಂತೆ, 2007ರಿಂದ ಏಪ್ರಿಲ್ ಬದಲು ಮಾರ್ಚ್‌ನಲ್ಲೇ ಮುಂದಿಡಬೇಕಾಯಿತು. ಹಳೆಯ ನಿಯಮವೇ ಉಳಿದಿದ್ದ ಯಂತ್ರಗಳಲ್ಲಿ ಆ ನಡುವಿನ ವಾರಗಳ ಸಭೆಗಳು ಒಂದು ಗಂಟೆ ತಪ್ಪಿ ತೋರಿದವು. ನಿಯಮ ಒಂದೇ ಇದ್ದರೆ ಸಾಲದು, ಬದಲಾವಣೆ ಎಲ್ಲರಿಗೂ ತಲುಪಬೇಕು. ಸಭೆಗೆ ಬಾರದ ಸದಸ್ಯೆಗೆ ನಿರ್ಣಯ ತಿಳಿಸುವುದು ಏಕೆ ಮುಖ್ಯ ಎಂದು ಈಗ ಅರ್ಥವಾಯ್ತಲ್ವಾ?

ನಾವು ಗಮನಿಸಬೇಕಾದ್ದು

* ಕಂತಿಗೆ 'ಪ್ರತಿ ತಿಂಗಳು 31' ಎಂದು ನೆನಪು ಇಡಬೇಡಿ. 31 ಇಲ್ಲದ ತಿಂಗಳನ್ನು ಬಿಟ್ಟುಬಿಡಬೇಕು ಎಂಬುದೇ ಐ-ಕ್ಯಾಲೆಂಡರ್ ನಿಯಮ. ಅಂಥ ತಿಂಗಳು ವರ್ಷಕ್ಕೆ 5. ನೆನಪು ಬರುವುದು 7 ಸಲ ಮಾತ್ರ, ಉಳಿದ ಕಂತುಗಳಿಗೆ ದಂಡ ಬಿದ್ದೀತು. 28ರ ಒಳಗಿನ ತಾರೀಕು ಇಡಿ.

* ಫೋನ್ ಬದಲಿಸುವಾಗ ದಿನಾಂಕಗಳನ್ನು 'ಐಸಿಎಸ್' ಕಡತವಾಗಿ ಹೊರತೆಗೆಯಲು ಬರುತ್ತದೆಯೇ ಎಂದು ತಿಳಿದವರನ್ನು ಕೇಳಿ. ಬರುತ್ತದೆ ಎಂದಾದರೆ ನಿಮ್ಮ ಬರಹ ನಿಮ್ಮ ಕೈಲೇ ಇದೆ, ಒಂದೇ ಕಂಪನಿಗೆ ಕಟ್ಟುಬಿದ್ದಿಲ್ಲ.

* ಸಂಘದ ಸಭೆಗೆ ಬೇರೆ ಕ್ಯಾಲೆಂಡರ್ ಮಾಡಿ, ಅದನ್ನು ಮಾತ್ರ ಹಂಚಿಕೊಳ್ಳಿ. ಮನೆಯ ವಿಷಯ, ಆಸ್ಪತ್ರೆಯ ದಿನಾಂಕ ಎಲ್ಲರಿಗೂ ಕಾಣೋದು ಬೇಡ.

* ಗುರುತಿಲ್ಲದವರಿಂದ ಬಂದ ಆಹ್ವಾನದಲ್ಲಿ ಲಿಂಕ್ ಇದ್ದರೆ ಒತ್ತಬೇಡಿ.

* ಫೋನ್ ಇಲ್ಲದ ಸದಸ್ಯೆಯನ್ನು ಮರೆಯಬೇಡಿ. ಅವಳಿಗೆ ಬಾಯಿಮಾತಿನಲ್ಲೇ ತಿಳಿಸಿ.

ಸಂಘದಲ್ಲಿ ಚರ್ಚಿಸಿ

1. ನಮ್ಮ ಸಂಘದ ದಿನಾಂಕಗಳನ್ನು ಯಾರು, ಎಲ್ಲಿ ಬರೆದಿಡುತ್ತಾರೆ? ಅವರು ಊರಲ್ಲಿ ಇಲ್ಲದಿದ್ದರೆ ಬೇರೆಯವರಿಗೆ ಅದು ಸಿಗುತ್ತದೆಯೇ?

2. ಸಭೆಯ ದಿನ ಬದಲಾದಾಗ ಎಲ್ಲರಿಗೂ ತಲುಪಿತೆಂದು ಹೇಗೆ ಖಚಿತಪಡಿಸಿಕೊಳ್ಳುತ್ತೇವೆ?

3. ಒಕ್ಕೂಟದ ಎಲ್ಲ ಸಂಘಗಳೂ ಒಂದೇ ರೀತಿ ಬರೆಯಬೇಕಾದ ವಿಷಯ ಇನ್ನು ಯಾವುದಿದೆ?