ಡೆಮೊ ಆದ್ಮೇಲೆ ಕೂತು ಮಾತಾಡಿ: ರೆಟ್ರೋಸ್ಪೆಕ್ಟಿವ್

ಡೆಮೊ ಹಿಂದಿನ ರಾತ್ರಿ ನಮ್ಮ ಮಿನಿ ಪ್ರಾಜೆಕ್ಟ್ ರನ್ ಆಗಲಿಲ್ಲ. ನಾಲ್ಕು ಜನರ ಕೋಡನ್ನು ಅವತ್ತೇ ಮೊದಲ ಸಲ ಮರ್ಜ್ ಮಾಡಿದ್ವಿ. ಆಮೇಲೆ ಒಂದು ವಾರ ಒಬ್ಬರಿಗೊಬ್ಬರು ಮಾತಿಲ್ಲ.

ಇಂಥದ್ದಕ್ಕೇ ರೆಟ್ರೋಸ್ಪೆಕ್ಟಿವ್ ಇರೋದು. ಅಂದ್ರೆ ಆಗಾಗ ಟೀಮೆಲ್ಲ ಕೂತು, ನಾವು ಕೆಲಸ ಮಾಡುವ ರೀತಿಯನ್ನೇ ನೋಡಿಕೊಂಡು ಸರಿಪಡಿಸಿಕೊಳ್ಳುವುದು. 2001ರ ಅಜೈಲ್ ಮ್ಯಾನಿಫೆಸ್ಟೋದ 12 ತತ್ವಗಳಲ್ಲಿ ಕೊನೆಯದು ಇದೇ. ಸ್ಕ್ರಮ್‌ನಲ್ಲಿ ಪ್ರತಿ ಸ್ಪ್ರಿಂಟ್ ಇದರಿಂದಲೇ ಮುಗಿಯುತ್ತೆ. ಒಂದು ತಿಂಗಳ ಸ್ಪ್ರಿಂಟ್‌ಗೆ ಹೆಚ್ಚೆಂದರೆ 3 ಗಂಟೆ.

ಮಾಡೋದು ಹೇಗೆ?

1. ಏನು ಚೆನ್ನಾಗಿತ್ತು, ಎಲ್ಲಿ ಸಿಕ್ಕಿಹಾಕ್ಕೊಂಡ್ವಿ ಅಂತ ಎಲ್ಲರೂ ಮೊದಲು ಚೀಟಿಯಲ್ಲಿ ಬರೆಯಿರಿ. ಕಡಿಮೆ ಮಾತಾಡೋರ ಅಭಿಪ್ರಾಯವೂ ಬರುತ್ತೆ.
2. 'ಯಾರು' ಬಿಟ್ಟು 'ಯಾಕೆ' ಕೇಳಿ.
3. ಒಂದೇ ಒಂದು ಬದಲಾವಣೆ ಆರಿಸಿ. ಹತ್ತು ಬರೆದಿಟ್ಟರೆ ಒಂದೂ ಆಗಲ್ಲ.
4. ಮುಂದಿನ ಸಲ 'ಅದು ಆಯ್ತಾ?' ಅಂತ ಕೇಳಿಯೇ ಶುರು ಮಾಡಿ.

ಕೊನೆಗೂ ನಾವು ಕೂತಾಗ 'ಯಾರ ಕೋಡ್ ಕೆಟ್ಟಿತು?' ಅಂದ್ರೆ ಎಲ್ಲರೂ ಸುಮ್ಮನಾದರು. 'ಕೊನೆ ದಿನದವರೆಗೆ ಯಾಕೆ ಮರ್ಜ್ ಮಾಡಲಿಲ್ಲ?' ಅಂದಾಗ ಉತ್ತರ ಸಿಕ್ತು: ಅರ್ಧಂಬರ್ಧ ಕೋಡ್ ತೋರಿಸೋಕೆ ಎಲ್ಲರಿಗೂ ಸಂಕೋಚ. ಈಗ ದಿನಾ ರಾತ್ರಿ ಊಟಕ್ಕೆ ಮುಂಚೆ ಮರ್ಜ್ ಮಾಡ್ತೀವಿ. ಎರರ್ ಈಗಲೂ ಬರುತ್ತೆ, ಆದ್ರೆ ಅವತ್ತೇ ಗೊತ್ತಾಗುತ್ತೆ.