ಉಬ್ಬಸವಿಲ್ಲದ ದಿನಗಳ ಔಷಧಿ

ಮೇ ಮುಗಿಯುವ ಹೊತ್ತಿಗೆ ಉತ್ತರ ಕನ್ನಡದ ರಾಮನಗರ, ಜೋಯಿಡಾ ಕಡೆಯ ಮನೆಗಳಲ್ಲಿ ಮಳೆಗಾಲದ ತಯಾರಿ ಜೋರಾಗಿರುತ್ತದೆ. ಕಟ್ಟಿಗೆ ಒಳಗೆ ಬರುತ್ತದೆ, ಅಟ್ಟದ ಮೇಲಿದ್ದ ಕೌದಿ, ಕಂಬಳಿಗಳು ಕೆಳಗಿಳಿಯುತ್ತವೆ. ಮಳೆ ಹಿಡಿದು ವಾರ ಕಳೆಯುವುದರೊಳಗೆ ಕೆಲವು ಮಕ್ಕಳಿಗೆ ರಾತ್ರಿ ಕೆಮ್ಮು ಶುರುವಾಗುತ್ತದೆ. ಥಂಡಿಯಾಯಿತೆಂದು ಮೇಲೊಂದು ಕೌದಿ ಹೊದಿಸುತ್ತೀರಿ. ಅಲರ್ಜಿಯ ಅಸ್ತಮಾ ಇರುವ ಮಗುವಿಗೆ ಆ ಕೌದಿಯೇ ಕೆಮ್ಮು ಕೆರಳಿಸುತ್ತಿರಬಹುದು.

ನಿರುಪದ್ರವಿ ವಸ್ತುವೊಂದನ್ನು ಶರೀರ ಶತ್ರುವೆಂದು ಬಗೆದು ಕಾದಾಟಕ್ಕೆ ನಿಲ್ಲುವುದೇ ಅಲರ್ಜಿ. ಈ ಕಾದಾಟ ಶ್ವಾಸನಾಳದಲ್ಲಿ ನಡೆದಾಗ ನಾಳದ ಒಳಪದರ ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಲೋಳೆ ಹೆಚ್ಚುತ್ತದೆ. ಇಕ್ಕಟ್ಟಾದ ದಾರಿಯಲ್ಲಿ ಗಾಳಿ ಹೊರಬರುವಾಗ ಕೇಳುವ ಸಿಳ್ಳೆಯಂಥ ಸದ್ದೇ ಉಬ್ಬಸದ ಗುರುತು. ಎಲ್ಲ ಮಕ್ಕಳಲ್ಲೂ ಸದ್ದು ಕೇಳಲೇಬೇಕೆಂದಿಲ್ಲ. ನಸುಕಿನ ಜಾವದ ಕೆಮ್ಮು, ಓಡಿದಾಗ ಅಥವಾ ಜೋರಾಗಿ ನಕ್ಕಾಗ ಬರುವ ಕೆಮ್ಮು ಮಾತ್ರ ಇರಬಹುದು.

ನಮ್ಮದು ಕಾಡಿನ ಊರು, ಗಾಳಿ ಶುದ್ಧ, ಇಲ್ಲಿ ಅಸ್ತಮಾ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರ ಆಸ್ಪತ್ರೆ ಆಧಾರಿತ ಅಧ್ಯಯನದಲ್ಲಿ ಅಸ್ತಮಾ ಇರುವ ಮಕ್ಕಳ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಗಿತ್ತು. ಅಲ್ಲಿ ವಾಹನದ ಹೊಗೆಯತ್ತ ಬೆರಳು ತೋರಿಸಬಹುದು. ಇಲ್ಲಿ ಹೊರಗಿನ ಗಾಳಿ ಚೆನ್ನಾಗಿದ್ದರೂ ಮಳೆಗಾಲದ ನಾಲ್ಕು ತಿಂಗಳು ಮಗು ಉಸಿರಾಡುವುದು ಮನೆಯೊಳಗಿನ ಗಾಳಿಯನ್ನು. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹಾಕಿರುತ್ತೀರಿ, ಬೆಚ್ಚಗಿದೆಯೆಂದು ಮಗು ಅಲ್ಲೇ ಕೂತು ಹೋಮ್‌ವರ್ಕ್ ಬರೆಯುತ್ತಿರುತ್ತದೆ. ಅಡುಗೆಗೆ ಗ್ಯಾಸ್ ಬಂದ ಮನೆಗಳಲ್ಲೂ ಬಚ್ಚಲಿಗೆ ಇನ್ನೂ ಕಟ್ಟಿಗೆಯೇ. ಈ ಹೊಗೆ, ಸೊಳ್ಳೆಬತ್ತಿಯ ಹೊಗೆ, ಬೀಡಿಯ ಹೊಗೆ, ಎಲ್ಲವೂ ಊದಿದ ನಾಳವನ್ನು ಕೆರಳಿಸುತ್ತವೆ. ಸೊಳ್ಳೆಗೆ ಪರದೆ ಸಾಕು.

ಕೌದಿಯ ವಿಷಯ ಬೇರೆ. ಅದರಲ್ಲಿರುವುದು ಧೂಳುಹುಳ. ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಗಾತ್ರ, ಬರಿಗಣ್ಣಿಗೆ ಕಾಣದು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ಅದರ ಆಹಾರ. ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರುತ್ತದೆ. ಹಾಗಾಗಿ ಜೋಯಿಡಾದ ಮಳೆ ಅದಕ್ಕೆ ಹಬ್ಬ. ಉಸಿರಿನೊಂದಿಗೆ ಒಳಹೋಗಿ ಕೆರಳಿಸುವುದು ಮುಖ್ಯವಾಗಿ ಅದರ ಹಿಕ್ಕೆ. ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯ ಚೆಂದ ನನಗೂ ಗೊತ್ತು, ಅದನ್ನು ಬಿಡಿ ಎನ್ನಲಾರೆ. ಆದರೆ ಪದರದ ಮೇಲೆ ಪದರವಿಟ್ಟ ಹಳೆ ಬಟ್ಟೆಯೊಳಗೆ ಹುಳಕ್ಕೆ ಒಳ್ಳೆಯ ಆಸರೆ. ಬರೀ ಬಿಸಿಲಿಗೆ ಹಾಕಿ ಕೊಡವಿದರೆ ಹಿಕ್ಕೆ ಹೋಗುವುದಿಲ್ಲ. ಬಿಸಿಲಿರುವಾಗಲೇ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆದು, ಪೂರ್ತಿ ಒಣಗಿಸಿ, ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲದಲ್ಲಿಡಿ. ಕೆಮ್ಮು ಕೆರಳಿಸುವ ಗೋಡೆಯ ಬೂಷ್ಟನ್ನೂ ಮಗು ಇಲ್ಲದಾಗ ಒದ್ದೆ ಬಟ್ಟೆಯಿಂದ ಒರೆಸಿ.

ಇಷ್ಟೆಲ್ಲ ಮಾಡಿದರೂ ಕೆಲವು ಮಕ್ಕಳಿಗೆ ಔಷಧಿ ಬೇಕೇ ಬೇಕು. ಶಾಲೆ ಶುರುವಾದೊಡನೆ ಒಬ್ಬರಿಂದೊಬ್ಬರಿಗೆ ಹರಡುವ ನೆಗಡಿಯನ್ನು ಯಾರೂ ತಡೆಯಲಾರರು, ಮಕ್ಕಳ ಉಬ್ಬಸ ಹೆಚ್ಚಾಗಿ ಏಳುವುದೂ ನೆಗಡಿಯ ಬೆನ್ನಿಗೇ. ನಾವು ಎಡವುತ್ತಿರುವುದು ಈ ಔಷಧಿಯ ವಿಷಯದಲ್ಲೇ. ಉಬ್ಬಸ ನಿಂತಿತೆಂದರೆ ಕಾಯಿಲೆ ಹೋಯಿತೆಂದು ಔಷಧಿಯ ಪಂಪ್ (ಇನ್‌ಹೇಲರ್) ಕಪಾಟು ಸೇರುತ್ತದೆ. ಬಿಗಿದ ಸ್ನಾಯು ಸಡಿಲವಾಗಿರುತ್ತದೆ, ನಿಜ. ಒಳಪದರದ ಊತ ಮಾತ್ರ ಸದ್ದಿಲ್ಲದೆ ಉಳಿದಿರುತ್ತದೆ. ಸಾಲ್ಬುಟಮಾಲ್ ಪಂಪ್ ಸ್ನಾಯುವನ್ನು ಸಡಿಲಿಸುತ್ತದೆ, ಊತ ಇಳಿಸುವುದಿಲ್ಲ. ಊತ ಇಳಿಸುವುದು ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಪಂಪ್. ವೈದ್ಯರು ದಿನಾ ಕೊಡಿ ಎಂದಿದ್ದರೆ ಮಗು ಆಡಿಕೊಂಡಿರುವ ದಿನಗಳಲ್ಲೂ ಕೊಡಬೇಕು, ಬಿಡುವುದಾದರೆ ಅವರನ್ನು ಕೇಳಿಯೇ ಬಿಡಬೇಕು.

ಸ್ಟೀರಾಯ್ಡ್ ಎಂದೊಡನೆ ನಿಮಗಾಗುವ ಅಂಜಿಕೆ ಸಹಜ. ಪಂಪ್ ಚಟವಾಗುವುದಿಲ್ಲ. ದಿನವೂ ಬಳಸುವ ಮಕ್ಕಳ ಎತ್ತರ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗಬಹುದು, ಅದನ್ನು ಮುಚ್ಚಿಡಬೇಕಾಗಿಲ್ಲ. ಹತೋಟಿ ತಪ್ಪಿದ ಅಸ್ತಮಾ ಕೂಡ ಬೆಳವಣಿಗೆಯನ್ನು ತಡೆಯುತ್ತದೆ. ಇನ್ನು ಮಾತ್ರೆ, ಸಿರಪ್ಪೇ ಮೇಲೆನ್ನುವವರು ಈ ಲೆಕ್ಕ ನೋಡಬೇಕು: ಸಾಲ್ಬುಟಮಾಲ್ ಮಾತ್ರೆಯಲ್ಲಿ 2 ಮಿಲಿಗ್ರಾಂ ಇದ್ದರೆ ಪಂಪಿನ ಒಂದು ಒತ್ತಿಗೆ ಬರುವುದು 100 ಮೈಕ್ರೋಗ್ರಾಂ, ಅಂದರೆ ಇಪ್ಪತ್ತನೇ ಒಂದು ಪಾಲು. ಅದೂ ಬೇಕಾದ ಜಾಗಕ್ಕೇ ಹೋಗುತ್ತದೆ, ಸ್ಪೇಸರ್ ಎಂಬ ಕೊಳವೆ ಜೋಡಿಸಿದ್ದರೆ. ಪಂಪ್ ಕುಲುಕಿ, ಒಂದು ಸಲಕ್ಕೆ ಒಂದೇ ಒತ್ತು, ಐದಾರು ಉಸಿರು. ಸ್ಟೀರಾಯ್ಡ್ ಪಂಪ್ ಆದಮೇಲೆ ಬಾಯಿ ಮುಕ್ಕಳಿಸಲಿ. ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದು ಹಾಗೇ ಆರಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಔಷಧಿ ಕೊಳವೆಯ ಗೋಡೆಗೇ ಅಂಟಿಕೊಳ್ಳುತ್ತದೆ.

ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿನ ಮೀನಿನ ಔಷಧಿಗೆ ರೈಲು ಹತ್ತುವವರಿದ್ದಾರೆ. ಅದರಿಂದ ಅಸ್ತಮಾ ಗುಣವಾಗುತ್ತದೆಂಬುದಕ್ಕೆ ಪುರಾವೆಯಿಲ್ಲ. ಏದುಸಿರು ಬಿಡುವ ಮಗುವಿನ ಗಂಟಲಿಗೆ ಜೀವಂತ ಮೀನು ಇಳಿಸುವುದನ್ನು ನಾನಂತೂ ಒಪ್ಪಲಾರೆ. ಪಥ್ಯದ ಮಾತಿಗೆ ಬಂದರೆ, ಬಾಳೆಹಣ್ಣು, ಮೊಸರು ತಿಂದಾಗಲೆಲ್ಲ ತೊಂದರೆಯಾಗುವುದನ್ನು ನೀವೇ ಕಂಡಿರದಿದ್ದರೆ ಅವನ್ನು ಬಿಡಿಸಬೇಕಿಲ್ಲ. ಆಟವನ್ನಂತೂ ಬಿಡಿಸಲೇಬೇಡಿ.

ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಸೆಳೆದುಕೊಂಡರೆ, ಮಗು ಒಂದೇ ಉಸಿರಿನಲ್ಲಿ ವಾಕ್ಯ ಮುಗಿಸಲಾರದಾದರೆ, ತುಟಿ ನೀಲಿಯಾದರೆ, ಪಂಪ್ ಕೊಟ್ಟರೂ ಸುಧಾರಿಸದಿದ್ದರೆ ಬೆಳಗಿನವರೆಗೆ ಕಾಯಬೇಡಿ. ನಮ್ಮ ಹಳ್ಳಿಗಳಿಂದ ಜೋಯಿಡಾಕ್ಕೋ ದಾಂಡೇಲಿಗೋ ಮುಟ್ಟುವುದೇ ಹೊತ್ತಾಗುತ್ತದೆ. ಆದ್ದರಿಂದ ದಾರಿಯಲ್ಲಿ ಎಷ್ಟು ಒತ್ತು, ಎಷ್ಟು ನಿಮಿಷಕ್ಕೊಮ್ಮೆ ಎಂಬುದನ್ನು ನಿಮ್ಮ ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ. ಒಂದು ಪ್ರತಿಯನ್ನು ಪಂಪಿನ ಜೊತೆ ಶಾಲೆಯ ಟೀಚರ್ ಕೈಗೂ ಕೊಡಿ, 108ಕ್ಕೆ ಕರೆ ಮಾಡಲು ಮನೆಯ ಯಾವ ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆಂದು ಅಜ್ಜ ಅಜ್ಜಿಗೂ ತಿಳಿಸಿಡಿ.